ಮನೆಯ ಲೇತ್‌ನಲ್ಲಿ ಬಿಸಿಗಾಳಿ ಎಂಜಿನ್: ಸಿಲಿಂಡರ್, ಪಿಸ್ಟನ್, ಡಿಸ್‌ಪ್ಲೇಸರ್ ಕುರಿತು ಸಲಹೆ ಬೇಕು

ಹಿತ್ತಲ ವರ್ಕ್‌ಶಾಪ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ಪಿರಿಟ್ ದೀಪದ ಶಾಖದಿಂದ ಓಡುವ ಒಂದು ಸಣ್ಣ ಸ್ಟರ್ಲಿಂಗ್ ಎಂಜಿನ್ನನ್ನು (ಒಳಗೆ ಮುಚ್ಚಿಟ್ಟ ಗಾಳಿ ಕಾದು ಹಿಗ್ಗುವುದರಿಂದ, ತಣಿದು ಕುಗ್ಗುವುದರಿಂದ ಓಡುವ ಬಿಸಿಗಾಳಿ ಎಂಜಿನ್) ಪೂರ್ತಿಯಾಗಿ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ನನ್ನಲ್ಲಿರುವುದು ಮೇಜಿನ ಮೇಲೆ ಕೂರುವ ಚಿಕ್ಕ ಲೇತ್ (ಲೋಹವನ್ನು ತಿರುಗಿಸುತ್ತ ಟೂಲಿನಿಂದ ಕೆತ್ತುವ ಯಂತ್ರ), ಬೆಂಚ್ ಡ್ರಿಲ್ ಮತ್ತು ಸಾಮಾನ್ಯ ಕೈ ಉಪಕರಣಗಳು. ಮಿಲ್ಲಿಂಗ್ ಯಂತ್ರ ಇಲ್ಲ. ಆರಿಸಿಕೊಂಡಿರುವುದು ಗ್ಯಾಮಾ ಮಾದರಿ. ಇದರಲ್ಲಿ ಗಾಳಿಯನ್ನು ಬಿಸಿ ತುದಿಗೂ ತಣ್ಣನೆಯ ತುದಿಗೂ ಓಡಾಡಿಸುವ ಡಿಸ್‌ಪ್ಲೇಸರ್ ಒಂದು ಸಿಲಿಂಡರಿನಲ್ಲಿಯೂ, ಕೆಲಸ ಮಾಡುವ ಪಿಸ್ಟನ್ ಅದರ ಪಕ್ಕದ ಇನ್ನೊಂದು ಸಿಲಿಂಡರಿನಲ್ಲಿಯೂ ಇರುತ್ತವೆ. ಪಿಸ್ಟನ್ನಿನ ವ್ಯಾಸ 18 ಮಿ.ಮೀ., ಅದರ ಓಟ (ಒಂದು ತುದಿಯಿಂದ ಇನ್ನೊಂದಕ್ಕೆ ಚಲಿಸುವ ದೂರ) 20 ಮಿ.ಮೀ. ಡಿಸ್‌ಪ್ಲೇಸರಿನ ಓಟ 25 ಮಿ.ಮೀ., ಉದ್ದ 75 ಮಿ.ಮೀ.

ಲೋಹಕ್ಕೆ ಟೂಲ್ ಮುಟ್ಟಿಸುವ ಮೊದಲೇ ಕೆಲವು ವಿಷಯಗಳನ್ನು ತಿಳಿದುಕೊಳ್ಳಬೇಕಿದೆ. ಸಿಲಿಂಡರಿಗೆ ಬೆಳಗಾವಿಯ ಕಡೆಯಿಂದ ತರಿಸಿದ ಎರಕದ ಕಬ್ಬಿಣದ ತುಂಡು ಇದೆ. ಪಿಸ್ಟನ್ನಿಗೆ ಅಲ್ಯುಮಿನಿಯಂ ಸರಳು ಇದೆ. ಬಿಸಿ ತುದಿಗೆ ಮೆಟ್ಟಿಲ ಕಟಕಟೆಗೆ ಬಳಸುವ 25 ಮಿ.ಮೀ. ಹೊರವ್ಯಾಸದ, ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪೈಪು ಸಿಕ್ಕಿದೆ. ಇವು ಆಗಬಹುದೇ? ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಬಿಡಬೇಕು? ಅಷ್ಟು ಕಡಿಮೆ ಸಂದನ್ನು ಸಣ್ಣ ಲೇತ್‌ನಲ್ಲಿ ಸಾಧಿಸುವುದು ಹೇಗೆ?

ಭೌತಶಾಸ್ತ್ರ ಮೇಷ್ಟ್ರು ಬರೆದದ್ದು:

ಯಾವ ಭಾಗಕ್ಕೆ ಎಷ್ಟು ಶ್ರಮ ಹಾಕಬೇಕೆಂಬುದು ತಿಳಿಯಬೇಕಾದರೆ ಮೊದಲು ಈ ಎಂಜಿನ್ನಿನಿಂದ ಎಷ್ಟು ಶಕ್ತಿ ಬರಬಹುದೆಂಬ ಅಂದಾಜು ಬೇಕು. ಅಮೆರಿಕದ ಓಹಿಯೊದಲ್ಲಿ ಫ್ರೀ ಪಿಸ್ಟನ್ ಸ್ಟರ್ಲಿಂಗ್ ಎಂಜಿನ್ ರೂಪಿಸಿದ ವಿಲಿಯಂ ಬೀಲ್ ಅವರ ಹೆಸರಿನ ಒಂದು ಸರಳ ಲೆಕ್ಕವಿದೆ: ಸರಾಸರಿ ಒತ್ತಡ, ಪಿಸ್ಟನ್ ಗುಡಿಸುವ ಗಾತ್ರ ಮತ್ತು ಸೆಕೆಂಡಿಗೆ ಸುತ್ತುಗಳ ಸಂಖ್ಯೆ, ಈ ಮೂರನ್ನೂ ಗುಣಿಸಿ ಅದರ ಸುಮಾರು 0.15 ಪಾಲು ತೆಗೆದುಕೊಂಡರೆ ಚೆನ್ನಾಗಿ ಮಾಡಿದ ಎಂಜಿನ್ನಿನ ಶಕ್ತಿ ಬರುತ್ತದೆ. ನಿಮ್ಮ ಪಿಸ್ಟನ್ ಗುಡಿಸುವುದು ಸುಮಾರು 5.1 ಘನ ಸೆಂ.ಮೀ. ಒಳಗಿರುವುದು ವಾತಾವರಣದ ಒತ್ತಡ. ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಂಡರೆ ಮುಕ್ಕಾಲು ವ್ಯಾಟಿನಷ್ಟಾಗುತ್ತದೆ. ಮನೆಯಲ್ಲಿ ಮಾಡಿದ ಸಣ್ಣ ಎಂಜಿನ್ನುಗಳು ಅದರಲ್ಲೂ ಒಂದು ಸಣ್ಣ ಪಾಲನ್ನಷ್ಟೇ ಕೊಡುತ್ತವೆ. ಆದುದರಿಂದ ಬೇರಿಂಗಿನಲ್ಲಿರುವ ಗ್ರೀಸು, ಪಿಸ್ಟನ್ನಿನ ಮೇಲಿನ ಎಣ್ಣೆ, ತುಸು ಓರೆಯಾದ ಕ್ರ್ಯಾಂಕ್ ಪಿನ್, ಇವುಗಳಲ್ಲಿ ಯಾವುದೊಂದೇ ಆದರೂ ಇಡೀ ಶಕ್ತಿಯನ್ನು ನುಂಗಿಬಿಡಬಲ್ಲದು.

ಶಾಖದ ಲೆಕ್ಕವನ್ನೂ ನೋಡಿ. ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಪೈಪಿನ ಗೋಡೆಯ ಮೂಲಕವೇ ಹರಿದುಹೋಗುವ ಶಾಖದಿಂದ ಯಾವ ಕೆಲಸವೂ ಆಗುವುದಿಲ್ಲ, ಬದಲಿಗೆ ತಣ್ಣನೆಯ ತುದಿ ಕಾಯುತ್ತದೆ. 50 ಮಿ.ಮೀ. ಉದ್ದದಲ್ಲಿ 300 ಡಿಗ್ರಿ ವ್ಯತ್ಯಾಸವಿದೆ ಎಂದುಕೊಂಡರೆ, ನಿಮ್ಮ ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪೈಪಿನಲ್ಲಿ ಸುಮಾರು 10.6 ವ್ಯಾಟ್ ಹೀಗೆ ಸೋರಿಹೋಗುತ್ತದೆ. ಅದೇ ಅಳತೆಯ ಮೈಲ್ಡ್ ಸ್ಟೀಲ್ ಪೈಪಾಗಿದ್ದರೆ ಅದು 33 ವ್ಯಾಟ್ ದಾಟುತ್ತಿತ್ತು. ಗೋಡೆಯನ್ನು ಹೊರಗಿನಿಂದ ಲೇತಿನಲ್ಲಿ ಕೆತ್ತಿ ಅರ್ಧ ಮಿ.ಮೀ.ಗೆ ಇಳಿಸಿದರೆ ಸುಮಾರು 3.4 ವ್ಯಾಟಿಗೆ ಬರುತ್ತದೆ. ಪೈಪು ಆಗಬಹುದು, ಆದರೆ ಈಗಿನ ದಪ್ಪದಲ್ಲಿ ಬೇಡ.

ಪಿಸ್ಟನ್ನಿಗೆ ಅಲ್ಯುಮಿನಿಯಂ ಖಂಡಿತ ಬೇಡ. ಎರಕದ ಕಬ್ಬಿಣಕ್ಕಿಂತ ಅಲ್ಯುಮಿನಿಯಂ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. 18 ಮಿ.ಮೀ. ವ್ಯಾಸದಲ್ಲಿ ಎರಡೂ 60 ಡಿಗ್ರಿ ಬಿಸಿಯಾದರೆ ಪಿಸ್ಟನ್ ಸಿಲಿಂಡರಿಗಿಂತ ಸುಮಾರು 13 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಹೆಚ್ಚು ಬೆಳೆದಿರುತ್ತದೆ, ಮತ್ತು ನಮಗೆ ಬೇಕಾದ ಒಟ್ಟು ಸಂದೇ ಹೆಚ್ಚುಕಡಿಮೆ ಅಷ್ಟು. ತಣ್ಣಗಿದ್ದಾಗ ಸಲೀಸಾಗಿ ಜಾರುವ ಪಿಸ್ಟನ್ ಎಂಜಿನ್ ಕಾದ ಮೇಲೆ ಕಚ್ಚಿಕೊಳ್ಳುತ್ತದೆ.

ಹರಿಹರದ ಟರ್ನರ್ ಬರೆದದ್ದು:

ಮೇಷ್ಟ್ರು ಹೇಳಿದ ಮೇಲೆ ಲೋಹದ ವಿಷಯ ಮುಗಿಯಿತು. ಎರಕದ ಕಬ್ಬಿಣದ ಸಿಲಿಂಡರಿಗೆ ಎರಕದ ಕಬ್ಬಿಣದ್ದೇ ಪಿಸ್ಟನ್ ಹಾಕಿ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಇರುವುದರಿಂದ ಎಣ್ಣೆ ಇಲ್ಲದೆಯೂ ಒಂದರ ಮೇಲೊಂದು ಚೆನ್ನಾಗಿ ಓಡುತ್ತವೆ. ಪಿಸ್ಟನ್ನಿನ ಒಳಭಾಗವನ್ನು ಕೊರೆದು ಗೋಡೆಯನ್ನು ಒಂದು ಮಿ.ಮೀ. ಆಸುಪಾಸಿಗೆ ಇಳಿಸಿದರೆ ತೂಕವೂ ಹಿಡಿತದಲ್ಲಿರುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಸಿಲಿಂಡರಿನ ದುಂಡುತನದ ಬಗ್ಗೆ. ಹೊಸಬರೆಲ್ಲ ಅಳತೆಯ ಹಿಂದೆ ಬೀಳುತ್ತಾರೆ. ಬೋರು, ಅಂದರೆ ಸಿಲಿಂಡರಿನ ಒಳತೂತು, 18.00 ಆಯಿತೋ 18.03 ಆಯಿತೋ ಎಂಬುದರಿಂದ ಈ ಎಂಜಿನ್ನಿಗೆ ಏನೂ ಆಗಬೇಕಿಲ್ಲ, ಏಕೆಂದರೆ ಪಿಸ್ಟನ್ನನ್ನು ನಾವು ಆಮೇಲೆ ಬೋರಿಗೆ ಹೊಂದುವಂತೆ ಮಾಡಿಕೊಳ್ಳುತ್ತೇವೆ. ಬೋರು ಉದ್ದಕ್ಕೂ ಒಂದೇ ಸಮ ಇರಬೇಕು, ದುಂಡಗಿರಬೇಕು. ತೆಳುವಾದ ಸಿಲಿಂಡರನ್ನು ಲೇತಿನಲ್ಲಿ ವಸ್ತುವನ್ನು ಕಚ್ಚಿಹಿಡಿಯುವ ಮೂರು ದವಡೆಯ ಚಕ್ಕಿನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದಿರೆನ್ನಿ. ದವಡೆಗಳು ಒತ್ತಿದ ಮೂರು ಜಾಗಗಳಲ್ಲಿ ಗೋಡೆ ಒಳಕ್ಕೆ ಬಾಗಿರುತ್ತದೆ. ಟೂಲ್ ಆ ಸ್ಥಿತಿಯಲ್ಲೇ ದುಂಡಗೆ ಕೊರೆಯುತ್ತದೆ. ಚಕ್ಕನ್ನು ಸಡಿಲಿಸಿದೊಡನೆ ಗೋಡೆ ಮೊದಲಿನ ಆಕಾರಕ್ಕೆ ಮರಳುತ್ತದೆ, ಬೋರು ಮೂರು ಉಬ್ಬಿನ ಆಕಾರ ತಳೆಯುತ್ತದೆ. ಇದಕ್ಕಿಂತ ಕೆಟ್ಟ ವಿಷಯವೆಂದರೆ, ಎದುರುಬದುರಾಗಿ ಎರಡು ಬಿಂದುಗಳನ್ನು ಮುಟ್ಟಿ ಅಳೆಯುವ ಟೆಲಿಸ್ಕೋಪಿಕ್ ಗೇಜು ಈ ದೋಷವನ್ನು ತೋರಿಸುವುದೇ ಇಲ್ಲ. ಮೂರು ಉಬ್ಬಿನ ಬೋರಿನಲ್ಲಿ ಒಂದು ಉಬ್ಬಿನ ಎದುರಿಗೆ ಯಾವಾಗಲೂ ಒಂದು ತಗ್ಗು ಇರುವುದರಿಂದ, ಗೇಜನ್ನು ಎತ್ತ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆ. ಅಳತೆ ಸರಿ ಇದೆ, ಪಿಸ್ಟನ್ ಮಾತ್ರ ಒಮ್ಮೆ ಬಿಗಿ ಒಮ್ಮೆ ಸಡಿಲ ಎಂದು ತಲೆ ಕೆಡಿಸಿಕೊಳ್ಳುವ ಹುಡುಗರನ್ನು ವರ್ಕ್‌ಶಾಪುಗಳಲ್ಲಿ ಸಾಕಷ್ಟು ನೋಡಿದ್ದೇನೆ.

ಇದನ್ನು ತಪ್ಪಿಸಲು ತುಂಡನ್ನು ಬೇಕಾದುದಕ್ಕಿಂತ 25 ಮಿ.ಮೀ. ಉದ್ದವಾಗಿ ಕತ್ತರಿಸಿಕೊಳ್ಳಿ. ಚಕ್ಕಿನಲ್ಲಿ ಹಿಡಿಯುವ ಆ ಹೆಚ್ಚುವರಿ ಭಾಗವನ್ನು ದಪ್ಪಗೇ ಬಿಡಿ. ಹೊರಮೈ, ಮುಖ, ಬೋರು ಮೂರನ್ನೂ ಒಂದೇ ಹಿಡಿತದಲ್ಲಿ ಮುಗಿಸಿ, ಕೊನೆಗೆ ದಪ್ಪ ಭಾಗದಿಂದ ಕತ್ತರಿಸಿ ತೆಗೆಯಿರಿ. ಬೋರಿಂಗ್ ಬಾರ್ (ಒಳಗೆ ಕೊರೆಯುವ ಟೂಲಿನ ಸರಳು) ಆದಷ್ಟು ದಪ್ಪವಿರಲಿ, ಆದಷ್ಟು ಕಡಿಮೆ ಹೊರಚಾಚಿರಲಿ. ಕೊನೆಯ ಎರಡು ಮೂರು ಸುತ್ತನ್ನು ಟೂಲನ್ನು ಮುಂದೊತ್ತದೆ, ಅದೇ ಅಳತೆಯಲ್ಲಿ ಸುಮ್ಮನೆ ಓಡಿಸಿ. ಬಾಗಿದ ಬಾರು ಬಿಟ್ಟುಹೋದ ಮೈಕ್ರಾನುಗಳನ್ನು ಆಗ ತೆಗೆಯುತ್ತದೆ. ಎರಕದ ಕಬ್ಬಿಣದ ಪುಡಿ ಲೇತಿನ ಹಾಸಿಗೆಯನ್ನು ತಿನ್ನುವುದರಿಂದ, ಕೆಲಸಕ್ಕೆ ಮುಂಚೆ ಹಾಸಿಗೆಯ ಮೇಲೆ ಕಾಗದ ಹೊದಿಸಿ.

ಶಿರಸಿ ಮೆಕ್ಯಾನಿಕ್ ಬರೆದದ್ದು:

ಎರಕದ ಕಬ್ಬಿಣದ ಪಿಸ್ಟನ್ ಒಳ್ಳೆಯದೇ. ಆದರೆ ಮನೆಯ ಲೇತ್ ಇರುವವರಿಗೆ ಗ್ರಾಫೈಟ್ ಪಿಸ್ಟನ್ನೇ ಸುಲಭ ಎಂಬುದು ನನ್ನ ಅಭಿಪ್ರಾಯ. ಗ್ರಾಫೈಟ್ ಸರಳನ್ನು ಹರಿತವಾದ ಟೂಲಿನಿಂದ ಸಲೀಸಾಗಿ ತಿರುಗಿಸಬಹುದು. ಕೊನೆಯ ಮೈಕ್ರಾನುಗಳನ್ನು ಮಾಮೂಲಿ ಬಿಳಿ ಕಾಗದಕ್ಕೆ ಉಜ್ಜಿಯೇ ತೆಗೆಯಬಹುದು. ಎಣ್ಣೆ ಬೇಡವೇ ಬೇಡ. ತಿರುಗಿಸುವಾಗ ಏಳುವ ಕರಿ ಪುಡಿ ವಿದ್ಯುತ್ತನ್ನು ಹರಿಸುವುದರಿಂದ, ಅದು ಲೇತಿನ ಮೋಟಾರು ಮತ್ತು ವೇಗ ನಿಯಂತ್ರಕದ ಒಳಗೆ ಹೋಗದಂತೆ ಹೀರುಕೊಳವೆಯನ್ನು ಟೂಲಿನ ಪಕ್ಕದಲ್ಲೇ ಹಿಡಿಯಿರಿ, ಮೂಗಿಗೂ ಮಾಸ್ಕ್ ಇರಲಿ.

ಹರಿಹರದ ಟರ್ನರ್ ಬರೆದದ್ದು:

ಗ್ರಾಫೈಟಿಗೆ ನನ್ನ ವಿರೋಧವಿಲ್ಲ, ಆದರೆ ಅದನ್ನು ಹಿತ್ತಾಳೆಯ ಸಿಲಿಂಡರಿನಲ್ಲಿ ಬಳಸುವವರಿಗೆ ಒಂದು ಮಾತು. ಅಲ್ಲಿ ಹಿಗ್ಗುವಿಕೆ ಅಲ್ಯುಮಿನಿಯಂ ಪಿಸ್ಟನ್ನಿನ ತಿರುವುಮುರುವು. ಹಿತ್ತಾಳೆ ಬೆಳೆಯುತ್ತದೆ, ಗ್ರಾಫೈಟ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. 18 ಮಿ.ಮೀ. ವ್ಯಾಸದಲ್ಲಿ 60 ಡಿಗ್ರಿಗೆ ಸುಮಾರು 15 ಮೈಕ್ರಾನ್ ಸಂದು ಹೆಚ್ಚಾಗುತ್ತದೆ. ಪಿಸ್ಟನ್ ಸಿಕ್ಕಿಕೊಳ್ಳುವುದಿಲ್ಲ, ಆದರೆ ಗಾಳಿ ಸೋರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಅಷ್ಟು ಕಿರಿದಾದ ಸಂದಿನಲ್ಲಿ ಗಾಳಿಯ ಹರಿವು ಸಂದಿನ ಘನಕ್ಕೆ ಅನುಗುಣವಾಗಿರುತ್ತದೆ. ಎರಕದ ಕಬ್ಬಿಣದ ಸಿಲಿಂಡರಿನಲ್ಲಾದರೆ ಗ್ರಾಫೈಟಿಗೆ ಈ ತೊಂದರೆ ಅರ್ಧಕ್ಕಿಂತ ಕಡಿಮೆ.

ಇನ್ನು ಲ್ಯಾಪಿಂಗ್, ಅಂದರೆ ನುಣುಪಾದ ಪುಡಿಯಿಂದ ಉಜ್ಜಿ ನಯಗೊಳಿಸುವುದು. ಬೋರಿಂಗ್ ಟೂಲ್ ಬಿಟ್ಟ ಸೂಕ್ಷ್ಮ ಗೆರೆಗಳನ್ನು ಇದರಿಂದಲೇ ತೆಗೆಯಬೇಕು. ಪಿಸ್ಟನ್ನಿಗೆ ಪೇಸ್ಟು ಹಚ್ಚಿ ಸಿಲಿಂಡರಿನಲ್ಲಿ ಆಡಿಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡರ ಆಕಾರವೂ ಕೆಟ್ಟುಹೋಗುತ್ತದೆ. ಅಲ್ಯುಮಿನಿಯಂ ಅಥವಾ ತಾಮ್ರದ ಸರಳನ್ನು ಬೋರಿಗೆ ಸರಿಯಾಗಿ ಹೋಗುವಂತೆ ತಿರುಗಿಸಿ, ಉದ್ದಕ್ಕೆ ಸೀಳಿ, ತುದಿಯಲ್ಲಿ ಓರೆ ತಲೆಯ ಸ್ಕ್ರೂ ಹಾಕಿ. ಸ್ಕ್ರೂ ಬಿಗಿ ಮಾಡಿದಂತೆ ಸರಳು ತುಸು ಅಗಲವಾಗುತ್ತದೆ. ಲ್ಯಾಪು ಯಾವಾಗಲೂ ಕೆಲಸದ ವಸ್ತುವಿಗಿಂತ ಮೆದುವಾಗಿರಬೇಕು, ಆಗ ಉಜ್ಜುವ ಪುಡಿ ಲ್ಯಾಪಿನಲ್ಲಿ ನೆಟ್ಟುಕೊಂಡು ಸಿಲಿಂಡರನ್ನು ಕೆರೆಯುತ್ತದೆ. ನುಣುಪಾದ ಪುಡಿಯನ್ನು ತೆಳು ಎಣ್ಣೆಯಲ್ಲಿ ಕಲಸಿ, ಲೇತನ್ನು ನಿಧಾನ ವೇಗದಲ್ಲಿಟ್ಟು, ಸಿಲಿಂಡರನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೂ ತೊಳೆಯುತ್ತಲೇ ಇರಿ. ಹಿತ್ತಾಳೆ ಸಿಲಿಂಡರಿಗೆ ಈ ಪುಡಿಗಳು ಬೇಡ, ಅದರೊಳಗೇ ನೆಟ್ಟುಕೊಂಡು ಪಿಸ್ಟನ್ನನ್ನು ತಿನ್ನುತ್ತವೆ.

ಸಂದು ಸರಿಯಿದೆಯೇ ಎಂದು ತಿಳಿಯಲು ಗೇಜು ಬೇಕಿಲ್ಲ. ಒಣಗಿದ ಪಿಸ್ಟನ್ನನ್ನು ನೇರವಾಗಿ ನಿಲ್ಲಿಸಿದ ಸಿಲಿಂಡರಿನೊಳಗೆ ಬಿಡಿ. ಕೆಳಬಾಯಿ ತೆರೆದಿದ್ದರೆ ತಡೆಯಿಲ್ಲದೆ ಬಿದ್ದುಹೋಗಬೇಕು. ಅದನ್ನು ಬೆರಳಿನಿಂದ ಮುಚ್ಚಿದರೆ ಗಾಳಿಯ ಮೇಲೆ ತೇಲುತ್ತ ಮೆಲ್ಲಗೆ ಇಳಿಯಬೇಕು. ಎರಡೂ ಆಗಬೇಕು. ಮುಚ್ಚಿದಾಗ ನಿಂತರೆ ಸಾಲದು, ತೆರೆದಾಗ ಬೀಳಲೇಬೇಕು.

ಹಿತ್ತಲ ವರ್ಕ್‌ಶಾಪ್ ಬರೆದದ್ದು:

ಹೇಳಿದ ಕ್ರಮದಲ್ಲೇ ಸಿಲಿಂಡರ್ ಮುಗಿಸಿದ್ದೇನೆ. ಎರಕದ ಕಬ್ಬಿಣದ್ದೇ ಪಿಸ್ಟನ್ ಮಾಡಿದೆ. ಬೆರಳು ಮುಚ್ಚಿದಾಗ ಪಿಸ್ಟನ್ ನಿಧಾನವಾಗಿ, ಎಲ್ಲೂ ತಡೆಯದೆ ಇಳಿಯುತ್ತದೆ, ಬೆರಳು ತೆಗೆದರೆ ಕೆಳಗಿನ ಬಟ್ಟೆಯ ಮೇಲೆ ಬೀಳುತ್ತದೆ. ಪಿಸ್ಟನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಬೇರೆ ಬೇರೆ ನಿಲುವುಗಳಲ್ಲಿ ಬಿಟ್ಟು ನೋಡಿದಾಗಲೂ ಇಳಿಯುವ ವೇಗ ಬದಲಾಗಲಿಲ್ಲ. ಮೂರು ಉಬ್ಬಿನ ದೋಷ ಹೆಚ್ಚೇನೂ ಇಲ್ಲವೆಂದು ತಿಳಿಯುತ್ತೇನೆ.

ಈಗ ಡಿಸ್‌ಪ್ಲೇಸರಿನ ಸರದಿ. ಪೈಪಿನ ಒಳಗೆ ಕೈಯಾಡಿಸಿದರೆ ಉದ್ದಕ್ಕೂ ಒಂದು ಗೆರೆ ತಾಗುತ್ತದೆ. ಡಿಸ್‌ಪ್ಲೇಸರಿಗೂ ಗೋಡೆಗೂ ಎಷ್ಟು ಜಾಗ ಬಿಡಬೇಕು? ಅದರ ಕಡ್ಡಿ ಹಾದುಹೋಗುವ ಬುಷ್ ಹೇಗಿರಬೇಕು?

ಶಿರಸಿ ಮೆಕ್ಯಾನಿಕ್ ಬರೆದದ್ದು:

ಕಟಕಟೆಯ ಪೈಪುಗಳನ್ನು ತಗಡನ್ನು ಸುತ್ತಿ ಬೆಸೆದು ಮಾಡುವುದರಿಂದ ಒಳಗೆ ಬೆಸುಗೆಯ ಏಣು ಉಳಿದಿರುತ್ತದೆ. ಮೊದಲು ಒಳಗಿನಿಂದ ಹಗುರವಾಗಿ ಬೋರ್ ಮಾಡಿ ಅದನ್ನು ತೆಗೆಯಿರಿ. ನಂತರ ಬಿಗಿಯಾಗಿ ಕೂರುವ ಅಲ್ಯುಮಿನಿಯಂ ಮ್ಯಾಂಡ್ರೆಲನ್ನು ಒಳಗೆ ತೂರಿಸಿ, ಹೊರಗಿನಿಂದ ತೆಳುಮಾಡಿ. ಸ್ಟೇನ್‌ಲೆಸ್ಸಿಗೆ ಹರಿತವಾದ ಟೂಲು ಬೇಕು. ಮೊಂಡು ಟೂಲು ಕತ್ತರಿಸದೆ ಉಜ್ಜಿದರೆ ಮೇಲ್ಮೈ ಗಟ್ಟಿಯಾಗಿ, ಮುಂದಿನ ಕಟ್ ಇನ್ನೂ ಕಷ್ಟವಾಗುತ್ತದೆ. ಮಧ್ಯದ 50 ಮಿ.ಮೀ. ಭಾಗವನ್ನಷ್ಟೇ ತೆಳುಮಾಡಿದರೆ ಸಾಕು. ಜ್ವಾಲೆ ತಾಗುವ ತುದಿ ದಪ್ಪಗಿದ್ದರೆ ಶಾಖ ಸುತ್ತಲೂ ಸಮನಾಗಿ ಹರಡುತ್ತದೆ.

ಡಿಸ್‌ಪ್ಲೇಸರ್ ಸುತ್ತ ಅರ್ಧದಿಂದ ಮುಕ್ಕಾಲು ಮಿ.ಮೀ. ಜಾಗವಿರಲಿ. ಅದು ಎಲ್ಲಿಯೂ ಗೋಡೆಯನ್ನು ಮುಟ್ಟಬಾರದು. ಅದನ್ನೂ ತೆಳು ಸ್ಟೇನ್‌ಲೆಸ್‌ನಲ್ಲೇ ಟೊಳ್ಳಾಗಿ ಮಾಡಿ. ಮುಚ್ಚಳಗಳನ್ನು ಬೆಳ್ಳಿ ಬೆಸುಗೆಯಿಂದ ಕೂರಿಸುವಾಗ ತಣ್ಣನೆಯ ಬದಿಯ ಮುಚ್ಚಳದಲ್ಲಿ ಒಂದು ಸೂಕ್ಷ್ಮ ತೂತು ಕೊರೆದಿರಬೇಕು. ಇಲ್ಲವಾದರೆ ಒಳಗಿನ ಗಾಳಿ ಹಿಗ್ಗಿ ಕರಗಿದ ಬೆಸುಗೆಯನ್ನು ಹೊರಕ್ಕೆ ಊದಿಬಿಡುತ್ತದೆ. ತಣಿದ ಮೇಲೆ ಆ ತೂತನ್ನು ಮುಚ್ಚಿ, ಬಿಟ್ಟರೆ ಒಳಗಿನ ಟೊಳ್ಳು ಜಾಗವೂ ಪ್ರತಿ ಸುತ್ತಿನಲ್ಲಿ ಉಸಿರಾಡುತ್ತ ಒತ್ತಡವನ್ನು ಕುಗ್ಗಿಸುತ್ತದೆ.

ಕಡ್ಡಿಗೆ 3 ಮಿ.ಮೀ. ಸಿಲ್ವರ್ ಸ್ಟೀಲ್ ಸರಳು ಹಾಕಿ, ಅದರ ಮೇಲ್ಮೈ ಕಾರ್ಖಾನೆಯಲ್ಲೇ ಗ್ರೈಂಡ್ ಆಗಿರುತ್ತದೆ. ಬುಷ್ 20 ಮಿ.ಮೀ.ಗಿಂತ ಉದ್ದವಿರಲಿ. 2.9 ಮಿ.ಮೀ. ಡ್ರಿಲ್ ಹಾಕಿ, ಚಕ್ಕಿನಿಂದ ತೆಗೆಯದೆ ರೀಮರ್ (ತೂತನ್ನು ಸರಿಯಾದ ಅಳತೆಗೆ ನಯಗೊಳಿಸುವ ಟೂಲು) ಓಡಿಸಿ, ಆ ತೂತನ್ನೇ ಆಧಾರವಾಗಿ ಹಿಡಿದು ಹೊರಮೈಯನ್ನು ತಿರುಗಿಸಿ. ಕಡ್ಡಿಯ ಸುತ್ತಲೂ ಸೋರಿಕೆ ಆಗುವುದರಿಂದ ಈ ಬುಷ್ಷಿಗೆ ಪಿಸ್ಟನ್ನಿಗೆ ಕೊಟ್ಟಷ್ಟೇ ಗಮನ ಬೇಕು. ಬಾಲ್ ಬೇರಿಂಗುಗಳನ್ನು ಪೆಟ್ರೋಲಿನಲ್ಲಿ ತೊಳೆದು ಗ್ರೀಸನ್ನು ಪೂರ್ತಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಮಾತ್ರ ಬಿಡಿ. ತೊಳೆಯುವ ಜಾಗದಲ್ಲಿ ಬೆಂಕಿ ಇರಬಾರದೆಂದು ಬೇರೆ ಹೇಳಬೇಕಿಲ್ಲ.

ಹೊಸ ಓದುಗರೊಬ್ಬರು ಬರೆದದ್ದು:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಸ್ಟರ್ಲಿಂಗ್ ಎಂಜಿನ್ನಿಗೆ ರೀಜನರೇಟರ್ ಬಹಳ ಮುಖ್ಯವೆಂದು ಓದಿದ್ದೆ. ಇಲ್ಲಿ ಯಾರೂ ಅದರ ಹೆಸರೆತ್ತಿಲ್ಲವಲ್ಲ?

ಭೌತಶಾಸ್ತ್ರ ಮೇಷ್ಟ್ರು ಬರೆದದ್ದು:

ಒಳ್ಳೆಯ ಪ್ರಶ್ನೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪಡೆದ ಪೇಟೆಂಟಿನ ತಿರುಳೇ ಅದು; ಅವರು ಅದನ್ನು ಎಕಾನಮೈಸರ್ ಎಂದು ಕರೆದರು. ಬಿಸಿ ತುದಿಯಿಂದ ತಣ್ಣನೆಯ ತುದಿಗೆ ಹೋಗುವ ಗಾಳಿ ತನ್ನ ಶಾಖವನ್ನು ದಾರಿಯಲ್ಲಿ ಒಂದು ಲೋಹದ ರಾಶಿಗೆ ಕೊಟ್ಟು, ಹಿಂದಿರುಗುವಾಗ ಅದನ್ನೇ ವಾಪಸು ಪಡೆಯುತ್ತದೆ. ನಮ್ಮ ಸಣ್ಣ ಎಂಜಿನ್ನಿನಲ್ಲಿ ಡಿಸ್‌ಪ್ಲೇಸರಿನ ಸುತ್ತಲಿನ ಆ ಕಿರಿದಾದ ಸಂದು ಮತ್ತು ಅದರ ಎರಡೂ ಬದಿಯ ಗೋಡೆಗಳೇ ಈ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತವೆ. ಸಂದಿನ ಅಳತೆ ಇಷ್ಟೇ ಇರಲಿ ಎಂದು ಶಿರಸಿಯವರು ಹೇಳಿದ್ದರ ಹಿಂದೆ ಇದೂ ಇದೆ. ಜಾಗ ಹೆಚ್ಚಾದರೆ ಗಾಳಿ ಗೋಡೆಯನ್ನು ಮುಟ್ಟದೆಯೇ ಹಾದುಹೋಗುತ್ತದೆ, ತೀರಾ ಕಡಿಮೆಯಾದರೆ ಗಾಳಿಯನ್ನು ತಳ್ಳುವುದಕ್ಕೇ ಶಕ್ತಿ ವ್ಯಯವಾಗುತ್ತದೆ. ಉಕ್ಕಿನ ಜಾಲರಿ ತುಂಬಿದ ಪ್ರತ್ಯೇಕ ರೀಜನರೇಟರ್ ಈ ಗಾತ್ರದಲ್ಲಿ ಉಪಕಾರಕ್ಕಿಂತ ಹೆಚ್ಚು ತಡೆಯನ್ನೇ ಒಡ್ಡೀತು.

ಸ್ಟರ್ಲಿಂಗ್ ಸಹೋದರರನ್ನು ಕಾಡಿದ ತೊಂದರೆ ಬೇರೆ. ರಾಬರ್ಟ್ ಅವರ ತಮ್ಮ ಜೇಮ್ಸ್ 1840ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಫೌಂಡ್ರಿಯಲ್ಲಿ ನಡೆಸಿದ ದೊಡ್ಡ ಎಂಜಿನ್ನಿನ ಬಿಸಿ ತುದಿಗಳು, ಅಂದಿನ ಎರಕದ ಕಬ್ಬಿಣ ಆ ಶಾಖವನ್ನು ತಾಳದೆ, ಮತ್ತೆ ಮತ್ತೆ ಕೈಕೊಟ್ಟವು. ಅವರಿಗೆ ಸಿಗದ ಸ್ಟೇನ್‌ಲೆಸ್ ಪೈಪು ನಮಗೆ ಕಟಕಟೆ ಮಾಡುವವರ ಬಳಿ ಸಿಗುತ್ತಿದೆ.

ಹಿತ್ತಲ ವರ್ಕ್‌ಶಾಪ್ ಬರೆದದ್ದು:

ಎಂಜಿನ್ ಓಡಿತು! ಎರಡು ಕ್ರ್ಯಾಂಕುಗಳನ್ನು ಪರಸ್ಪರ 90 ಡಿಗ್ರಿಗೆ, ಡಿಸ್‌ಪ್ಲೇಸರ್ ಮುಂದಿರುವಂತೆ ಕೂರಿಸಿದೆ. ದೀಪ ಹಚ್ಚಿ ಸ್ವಲ್ಪ ಹೊತ್ತಿನ ನಂತರ ಫ್ಲೈವೀಲನ್ನು ಬೆರಳಿನಿಂದ ತಳ್ಳಿದಾಗ ಅದು ನಿಲ್ಲದೆ ವೇಗ ಹೆಚ್ಚಿಸಿಕೊಳ್ಳುತ್ತ ಹೋದದ್ದನ್ನು ನೋಡಿ ಮನೆಯವರೆಲ್ಲ ಸುತ್ತ ನಿಂತರು. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ಒಂದು ಸಮಸ್ಯೆ ಉಳಿದಿದೆ. ಕೆಲವು ನಿಮಿಷ ಚುರುಕಾಗಿ ಓಡಿದ ಮೇಲೆ ವೇಗ ನಿಧಾನವಾಗಿ ಇಳಿದು ಎಂಜಿನ್ ನಿಲ್ಲುತ್ತದೆ. ಆಗ ಪಿಸ್ಟನ್ ಬಿಗಿಯಾಗಿರುವುದಿಲ್ಲ, ಕೈಯಿಂದ ತಿರುಗಿಸಿದರೆ ಎಲ್ಲವೂ ಸಡಿಲವಾಗಿಯೇ ತಿರುಗುತ್ತದೆ. ತಣ್ಣನೆಯ ಬದಿಯ ಅಲ್ಯುಮಿನಿಯಂ ಭಾಗವನ್ನು ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ.

ಭೌತಶಾಸ್ತ್ರ ಮೇಷ್ಟ್ರು ಬರೆದದ್ದು:

ಅಭಿನಂದನೆಗಳು. ನಿಮ್ಮ ಎಂಜಿನ್ನಿನಲ್ಲಿ ಘರ್ಷಣೆಯ ದೋಷವಿಲ್ಲವೆಂಬುದಕ್ಕೆ ನೀವು ಕೊಟ್ಟ ವಿವರವೇ ಸಾಕ್ಷಿ. ಎಂಜಿನ್ ಓಡುವುದು ಎರಡು ತುದಿಗಳ ನಡುವಿನ ವ್ಯತ್ಯಾಸದಿಂದ, ನಿಮ್ಮಲ್ಲಿ ಆ ವ್ಯತ್ಯಾಸ ಕರಗುತ್ತಿದೆ. ಮೂರು ಕಡೆ ನೋಡಿ. ಬಿಸಿ ಪೈಪನ್ನು ಸ್ಕ್ರೂಗಳಿಂದ ಕೂರಿಸುವ ಚಾಚಿಗೂ (ಫ್ಲ್ಯಾಂಜಿಗೂ) ಅಲ್ಯುಮಿನಿಯಮ್ಮಿಗೂ ಮಧ್ಯೆ ಲೋಹಕ್ಕೆ ಲೋಹ ತಾಗಿದ್ದರೆ ಅಲ್ಲಿ ಶಾಖ ತಡೆಯುವ ಗ್ಯಾಸ್ಕೆಟ್ ಹಾಕಿ. ಜ್ವಾಲೆ ಪೈಪಿನ ತುದಿಗೆ ಮಾತ್ರ ತಾಗಲಿ, ತೆಳುಮಾಡಿದ ಮಧ್ಯಭಾಗವನ್ನು ನೆಕ್ಕಬಾರದು. ಅಲ್ಯುಮಿನಿಯಂ ಭಾಗಕ್ಕೆ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ರೆಕ್ಕೆಗಳಿಲ್ಲದಿದ್ದರೆ ಪಾರ್ಟಿಂಗ್ ಟೂಲಿನಿಂದ (ಕಿರಿದಾದ ಕತ್ತರಿಸುವ ಟೂಲು) ಸುತ್ತಲೂ ಆಳವಾದ ಕಾಲುವೆಗಳನ್ನು ಕೊರೆದು ರೆಕ್ಕೆ ಮಾಡಿ.

ಹರಿಹರದ ಟರ್ನರ್ ಬರೆದದ್ದು:

ರೆಕ್ಕೆ ಕೊರೆಯುವಾಗ ಅಲ್ಯುಮಿನಿಯಂ ಟೂಲಿಗೆ ಅಂಟದಂತೆ ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚುತ್ತಿರಿ. ಒಂದೇ ಸಲಕ್ಕೆ ಆಳಕ್ಕೆ ಇಳಿಸದೆ, ಸ್ವಲ್ಪ ಇಳಿಸಿ, ಹೊರತೆಗೆದು, ಚೂರನ್ನು ಒರೆಸಿ ಮತ್ತೆ ಇಳಿಸಿ. ಗ್ಯಾಸ್ಕೆಟ್ ಸೇರಿಸಿದರೆ ಅದರ ದಪ್ಪದಷ್ಟೇ ಬಿಸಿ ಪೈಪು ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಮರೆಯಬೇಡಿ. ಡಿಸ್‌ಪ್ಲೇಸರ್ ತುದಿಗೂ ಪೈಪಿನ ತಳಕ್ಕೂ ನಡುವೆ ಆ ಮಟ್ಟಿಗೆ ಉಪಯೋಗವಿಲ್ಲದ ಗಾಳಿ ಸೇರಿಕೊಳ್ಳುತ್ತದೆ. ಕಡ್ಡಿಯನ್ನು ಅಷ್ಟೇ ಮುಂದೆ ಹೊಂದಿಸಿಕೊಂಡು, ತುದಿಯಲ್ಲಿ ಸುಮಾರು ಒಂದು ಮಿ.ಮೀ. ಉಳಿಸಿ. ಕಾದಾಗ ಡಿಸ್‌ಪ್ಲೇಸರ್ ಕಾಲು ಮಿ.ಮೀ.ನಷ್ಟು ಉದ್ದವಾದರೂ ಪೈಪೂ ಜೊತೆಯಲ್ಲೇ ಹಿಗ್ಗುವುದರಿಂದ ಅದು ತಳಕ್ಕೆ ಬಡಿಯುವ ಭಯವಿಲ್ಲ.

ಹಿತ್ತಲ ವರ್ಕ್‌ಶಾಪ್ ಬರೆದದ್ದು:

ಚಾಚು ನೇರವಾಗಿ ಅಲ್ಯುಮಿನಿಯಮ್ಮಿಗೆ ತಾಗಿಯೇ ಇತ್ತು, ರೆಕ್ಕೆಗಳೂ ಇರಲಿಲ್ಲ. ಅಭ್ರಕದ ಹಾಳೆಯನ್ನು ಉಂಗುರದಂತೆ ಕತ್ತರಿಸಿ ಮಧ್ಯೆ ಇಟ್ಟು, ಸ್ಕ್ರೂಗಳನ್ನು ಸ್ಟೇನ್‌ಲೆಸ್‌ಗೆ ಬದಲಾಯಿಸಿ, ಆರು ರೆಕ್ಕೆಗಳನ್ನು ಕೊರೆದಿದ್ದೇನೆ. ಈಗ ದೀಪದ ಸ್ಪಿರಿಟ್ ಮುಗಿಯುವವರೆಗೂ ಎಂಜಿನ್ ಒಂದೇ ವೇಗದಲ್ಲಿ ಓಡುತ್ತಿದೆ. ಅಳತೆಗಳ ನಕ್ಷೆಯನ್ನು ಮಿ.ಮೀ.ಗಳಲ್ಲಿ, ಕನ್ನಡದ ಟಿಪ್ಪಣಿಗಳೊಂದಿಗೆ ಬರೆಯುತ್ತಿದ್ದೇನೆ. ಬುಷ್ಷಿನ ಮತ್ತು ಗ್ಯಾಸ್ಕೆಟ್ಟಿನ ಅಳತೆಗಳನ್ನು ಸೇರಿಸಿದೊಡನೆ ಇಲ್ಲಿಯೇ ಹಾಕುತ್ತೇನೆ.